ಟ್ವಿಸ್ಟ್ ಕುಣಿತದ ಬೆನ್ನು ಹತ್ತಿದ ಚಿತ್ರಗಳು

ಜೊತೆಗಾರರ ಕೈ ಹಿಡಿಯದೆ, ನಿಂತಲ್ಲಿಯೇ ಸೊಂಟವನ್ನೂ ಮೊಣಕಾಲುಗಳನ್ನೂ ತಿರುಚುತ್ತ ಕುಣಿಯುವ ಟ್ವಿಸ್ಟ್ ಎಂಬ ನೃತ್ಯವು 1961ರ ಕೊನೆಯ ತಿಂಗಳುಗಳಲ್ಲಿ ನ್ಯೂಯಾರ್ಕಿನ ಪೆಪರ್‌ಮಿಂಟ್ ಲೌಂಜ್ ಎಂಬ ಪಾನಗೃಹದ ಮೂಲಕ ಸಿರಿವಂತರ ವಲಯಕ್ಕೂ ಹಬ್ಬಿತು. ಆ ಕಾವು ಆರುವ ಮೊದಲೇ ಹಣ ಮಾಡಿಕೊಳ್ಳಬೇಕೆಂಬ ಆತುರದಲ್ಲಿ ಸಿದ್ಧವಾದ ಎರಡು ಚಿತ್ರಗಳು, ಕೊಲಂಬಿಯಾ ಸಂಸ್ಥೆಯ ‘ಟ್ವಿಸ್ಟ್ ಅರೌಂಡ್ ದ ಕ್ಲಾಕ್’ ಮತ್ತು ಪ್ಯಾರಾಮೌಂಟ್ ಸಂಸ್ಥೆಯ ‘ಹೇ, ಲೆಟ್ಸ್ ಟ್ವಿಸ್ಟ್’, ಅದೇ ಡಿಸೆಂಬರಿನ ಕೊನೆಯಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ತೆರೆಕಂಡವು.

ಮೊದಲನೆಯದರ ನಿರ್ಮಾಪಕ ಸ್ಯಾಮ್ ಕ್ಯಾಟ್ಜ್‌ಮನ್ ಈ ವ್ಯಾಪಾರದಲ್ಲಿ ಪಳಗಿದವರು. ಟೆಲಿವಿಷನ್ ಬಂದು ಕುಟುಂಬಗಳು ಮನೆಯಲ್ಲೇ ಉಳಿಯತೊಡಗಿದ 1950ರ ದಶಕದಲ್ಲಿ, ಸಂಜೆ ಹೊರಗೆ ಕಳೆಯಲು ಬಯಸುವ ಹದಿಹರೆಯದವರೇ ಚಿತ್ರಮಂದಿರಗಳ ಆಸರೆಯಾಗುತ್ತಿದ್ದಾರೆಂಬುದನ್ನು ಅವರು ಬೇಗ ಗ್ರಹಿಸಿದ್ದರು. 1956ರಲ್ಲಿ ಅವರು ತಯಾರಿಸಿದ ‘ರಾಕ್ ಅರೌಂಡ್ ದ ಕ್ಲಾಕ್’ ಹಾಕಿದ ಬಂಡವಾಳದ ಹಲವು ಪಟ್ಟು ಗಳಿಸಿತು. ಬ್ರಿಟನ್ನಿನಲ್ಲಿ ಅದರ ಪ್ರದರ್ಶನಗಳ ವೇಳೆ ಗಲಾಟೆಯೆದ್ದು ಕೆಲವು ಊರುಗಳ ಆಡಳಿತಗಳು ಚಿತ್ರವನ್ನೇ ನಿಷೇಧಿಸಿದವು. ಮರುವರ್ಷ ಕ್ಯಾಲಿಪ್ಸೊ ಸಂಗೀತದ ಗೀಳು ಹಬ್ಬಿದಾಗ ಅದರ ಮೇಲೂ ಅವರದೊಂದು ಚಿತ್ರ ಬಂದಿತು.

ಟ್ವಿಸ್ಟ್ ಚಿತ್ರಕ್ಕಾಗಿ ಹೊಸ ಕಥೆಯನ್ನು ಹುಡುಕುವ ಗೋಜಿಗೆ ಕ್ಯಾಟ್ಜ್‌ಮನ್ ಹೋಗಲಿಲ್ಲ. ಕೈಯಲ್ಲಿ ಕೆಲಸವಿಲ್ಲದ ಸಂಗೀತ ವ್ಯವಸ್ಥಾಪಕನೊಬ್ಬ, ಅಂದರೆ ಕಲಾವಿದರಿಗೆ ಕಾರ್ಯಕ್ರಮಗಳನ್ನು ಗೊತ್ತುಮಾಡಿಕೊಡುವವನು, ಮೂಲೆಯ ಊರಿನಲ್ಲಿ ಅಪರಿಚಿತ ಕುಣಿತವೊಂದನ್ನೂ ಅದನ್ನು ಕುಣಿಯುವ ಒಡಹುಟ್ಟಿದ ಜೋಡಿಯನ್ನೂ ಕಂಡು ನಗರಕ್ಕೆ ಕರೆತರುವ ‘ರಾಕ್ ಅರೌಂಡ್ ದ ಕ್ಲಾಕ್’ ಚಿತ್ರದ ಕಥೆಯೇ ಇಲ್ಲಿ ಮರುಬಳಕೆಯಾಯಿತು.

ಈ ಮರುಬಳಕೆ ಕೇವಲ ಮಿತವ್ಯಯದ ಉಪಾಯವಾಗಿ ಉಳಿಯಲಿಲ್ಲ, ಅದು ಇತಿಹಾಸಕ್ಕೆ ಅನ್ಯಾಯವನ್ನೂ ಮಾಡಿತು. ‘ದ ಟ್ವಿಸ್ಟ್’ ಹಾಡನ್ನು ಬರೆದು, ಮಿಡ್‌ನೈಟರ್ಸ್ ತಂಡದೊಡನೆ ಹಾಡಿ 1959ರಲ್ಲಿ ಹೊರತಂದವರು ಕಪ್ಪುಜನಾಂಗದ ಗಾಯಕ ಹ್ಯಾಂಕ್ ಬ್ಯಾಲರ್ಡ್. ಫಿಲಡೆಲ್ಫಿಯಾದ ಚಬ್ಬಿ ಚೆಕರ್ ಅದನ್ನು ಮತ್ತೆ ಹಾಡಿದ ಮುದ್ರಿಕೆ 1960ರಲ್ಲೊಮ್ಮೆ, 1962ರ ಜನವರಿಯಲ್ಲಿ ಮತ್ತೊಮ್ಮೆ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಚಿತ್ರದಲ್ಲಾದರೋ ಈ ಕುಣಿತ ಗುಡ್ಡಗಾಡಿನ ಸಣ್ಣ ಊರೊಂದರ ಬಿಳಿಯ ಯುವಜನರ ನಡುವೆ ಪತ್ತೆಯಾಗುತ್ತದೆ. ಚೆಕರ್ ತಮ್ಮದೇ ಹೆಸರಿನಲ್ಲಿ ಬಂದು ಹಾಡುತ್ತಾರೆ, ಪ್ರಚಾರಕ್ಕೆ ಅವರ ಹೆಸರೇ ಬಂಡವಾಳವಾಗುತ್ತದೆ, ಆದರೆ ಕಥೆಯ ಕೇಂದ್ರದಲ್ಲಿ ಅವರಿಗೆ ಸ್ಥಳವಿಲ್ಲ. ಕಪ್ಪುಜನರ ಸಂಗೀತದ ಲಾಭ ಇತರರ ಪಾಲಾಗುತ್ತಿದ್ದ ಅಂದಿನ ರೂಢಿಯನ್ನು ಇಷ್ಟು ನಿಚ್ಚಳವಾಗಿ ತೋರುವ ಚಿತ್ರಗಳು ವಿರಳ.

ಹಾಗೆಂದು ಇವನ್ನು ಕಡೆಗಣಿಸುವುದು ಸರಿಯಲ್ಲ. ಕಥೆ ತೆಳುವಾಗಿದ್ದುದರಿಂದಲೇ ಹಾಡುಗಳಿಗೆ ಎಡೆ ದೊರೆತು, ಗಾಯಕ ಡಿಯಾನ್ ಮತ್ತು ಮಾರ್ಸೆಲ್ಸ್ ತಂಡದವರು ತಮ್ಮ ಏರುಕಾಲದಲ್ಲಿ ವೇದಿಕೆಯ ಮೇಲೆ ಹೇಗೆ ಕಾಣುತ್ತಿದ್ದರೆಂಬುದು ಚಿತ್ರಸುರುಳಿಯಲ್ಲಿ ಉಳಿಯಿತು. 1962ರಲ್ಲೇ ಬಂದ ಇದರ ಮುಂದಿನ ಪ್ರಯತ್ನ ‘ಡೋಂಟ್ ನಾಕ್ ದ ಟ್ವಿಸ್ಟ್’ ಚಿತ್ರದಲ್ಲಿ, ನಿಲುವಂಗಿ ಹೊದ್ದು ಎತ್ತರದ ಟೋಪಿ ಧರಿಸಿದ ಜೀನ್ ಚಾಂಡ್ಲರ್ ತಮಗೆ ಹೆಸರು ತಂದ ‘ಡ್ಯೂಕ್ ಆಫ್ ಅರ್ಲ್’ ಹಾಡನ್ನು ಹಾಡುವ ದೃಶ್ಯ ಇಂದಿಗೂ ನೋಡಸಿಗುತ್ತದೆ.