ಡುವಾರ್ಟೆಯ ಮಾಜಿ ರೋಟರಿ ಕ್ಲಬ್ಬು

ಲಾಸ್ ಏಂಜಲೀಸ್ ಪೇಟೆಯಿಂದ ಈಶಾನ್ಯಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲಿನ ಬುಡಕ್ಕೆ ಆತುಕೊಂಡು ಡುವಾರ್ಟೆ ಎಂಬ ಊರಿದೆ. ಪಕ್ಕದ ಮನ್ರೋವಿಯಾ ಎಲ್ಲಿ ಮುಗಿಯಿತು, ಡುವಾರ್ಟೆ ಎಲ್ಲಿ ಶುರುವಾಯಿತು ಎಂಬುದು ಹೊಸಬರಿಗೆ ತಿಳಿಯುವುದಿಲ್ಲ. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 21 ಸಾವಿರ ದಾಟಿತ್ತು, ಅಷ್ಟೆ. ನಮ್ಮ ಲೆಕ್ಕದಲ್ಲಿ ಒಂದು ಪುರಸಭೆಯ ಊರು. ಚಿಕಾಗೋದಿಂದ ಪಶ್ಚಿಮ ಕರಾವಳಿಗೆ ಬರುತ್ತಿದ್ದ ಹಳೆಯ 66ನೇ ನಂಬರಿನ ಹೆದ್ದಾರಿ ಊರ ನಡುವೆ ಹಾದುಹೋಗುತ್ತದೆ. ಈಗ ಅದಕ್ಕೆ ಹಂಟಿಂಗ್ಟನ್ ಡ್ರೈವ್ ಎಂದು ಹೆಸರು.

ಇದು ಮೂಲತಃ ಟೋಂಗ್ವಾ ಜನರ ನೆಲ. ಕ್ಯಾಲಿಫೋರ್ನಿಯಾ ಇನ್ನೂ ಮೆಕ್ಸಿಕೋದ ಕೈಯಲ್ಲಿದ್ದಾಗ, 1841ರಲ್ಲಿ, ಆಂಡ್ರೆಸ್ ಡುವಾರ್ಟೆ ಎಂಬ ಸೈನಿಕನಿಗೆ ಇಲ್ಲಿನ ಸುಮಾರು ಆರೂವರೆ ಸಾವಿರ ಎಕರೆ ಇನಾಮಾಗಿ ಬಂತು. ಆತ ದೊಡ್ಡ ಹುದ್ದೆಯವನೇನಲ್ಲ, ಬರಿಯ ಕಾರ್ಪೊರಲ್. ಅಮೆರಿಕದ ಆಳ್ವಿಕೆ ಬಂದ ಮೇಲೆ ಸಾಲ ತಲೆಗೇರಿ ಜಮೀನು ತುಂಡುತುಂಡಾಗಿ ಕೈಬಿಟ್ಟಿತು. ಊರಿಗೆ ಹೆಸರು ಮಾತ್ರ ಉಳಿಯಿತು. ಆಮೇಲೆ ಕಿತ್ತಳೆ ತೋಟಗಳು, ತೋಟ ಕಡಿದು ಕಟ್ಟಿದ ಮನೆಗಳು. 1957ರಲ್ಲಿ ಊರಿಗೆ ಸ್ವಂತ ನಗರಾಡಳಿತ ಬಂತು.

ಡುವಾರ್ಟೆಯ ಒಣಹವೆ ಕ್ಷಯರೋಗಿಗಳಿಗೆ ಒಳ್ಳೆಯದೆಂದು ಹೇಳುತ್ತಿದ್ದರು. ಲಾಸ್ ಏಂಜಲೀಸಿನ ಯಹೂದಿ ಸಮಾಜದ ಕೆಲವರು ಚಂದಾ ಎತ್ತಿ ಇಲ್ಲಿ ಜಾಗ ಕೊಂಡು, ಎರಡು ಡೇರೆ ಹೊಡೆದು ಒಂದು ಆರೋಗ್ಯಧಾಮ ಶುರುಮಾಡಿದರು. ಸಂಘ ಹುಟ್ಟಿದ್ದು 1913ರಲ್ಲಿ. ಆ ಡೇರೆಗಳೇ ಬೆಳೆದು ಇವತ್ತಿನ ‘ಸಿಟಿ ಆಫ್ ಹೋಪ್’ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರವಾಗಿವೆ. ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ಮಾಡಿಸಲು ಬೇಕಾದ ಜೀನನ್ನು 1978ರಲ್ಲಿ ಕಟ್ಟಿಕೊಟ್ಟವರು ಇಲ್ಲಿನ ಆರ್ಥರ್ ರಿಗ್ಸ್ ಮತ್ತು ಕೈಚಿ ಇಟಾಕುರಾ. ನಮ್ಮೂರ ಸಕ್ಕರೆ ಕಾಯಿಲೆಯವರು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟುಕೊಳ್ಳುವ ಸೀಸೆಗೂ ಈ ಊರಿಗೂ ಹೀಗೊಂದು ನಂಟಿದೆ.

ಅದೇ 1978ರಲ್ಲಿ ಊರಿನ ರೋಟರಿ ಕ್ಲಬ್ಬಿನ ಸನ್ನದು ರದ್ದಾಯಿತು. ಇನ್ಸುಲಿನ್ ಸುದ್ದಿಯ ಮುಂದೆ ಇದು ಸಣ್ಣದು. ಆದರೂ ಈ ಊರಿನ ಬಗ್ಗೆ ಬರೆಯಹೊರಟರೆ ನನ್ನ ಕೈ ಓಡುವುದು ಆ ಕಡೆಗೇ.

ರೋಟರಿ ಹುಟ್ಟಿದ್ದು 1905ರಲ್ಲಿ, ಹೆದ್ದಾರಿಯ ಆ ತುದಿಯ ಚಿಕಾಗೋದಲ್ಲಿ. ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ಒಂದೊಂದು ಕಸುಬಿನಿಂದ ಒಬ್ಬೊಬ್ಬರು ಎಂಬುದು ಕಟ್ಟಳೆ: ಒಬ್ಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ, ಒಬ್ಬ ಗಣಿ ಎಂಜಿನಿಯರ್. ಮೊದಮೊದಲು ಪರಸ್ಪರ ವ್ಯಾಪಾರ ಕುದುರಿಸಿಕೊಳ್ಳುವುದೇ ಮುಖ್ಯವಾಗಿತ್ತು. ಊರಿಗೂ ಏನಾದರೂ ಮಾಡೋಣ ಎಂದು ಅವರು ಮೊದಲು ಕೈಹಾಕಿದ್ದು, 1907ರ ಸುಮಾರಿಗೆ, ಚಿಕಾಗೋ ಪೇಟೆಯಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಕೆಲಸಕ್ಕೆ. ಸೇವಾ ಸಂಸ್ಥೆಗಳ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ಆರಂಭ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

ಡುವಾರ್ಟೆಯ ಕ್ಲಬ್ಬು 1952ರದ್ದು. ವಾರಕ್ಕೊಂದು ಸಭೆ, ಸಭೆಯೆಂದರೆ ಜೊತೆಗೆ ಊಟ. ಅಧ್ಯಕ್ಷರು ಗಂಟೆ ಬಡಿಯುತ್ತಾರೆ, ಅತಿಥಿಗಳ ಪರಿಚಯವಾಗುತ್ತದೆ, ಯಾರಾದರೂ ಬಂದು ಭಾಷಣ ಮಾಡುತ್ತಾರೆ. ನಮ್ಮ ತಾಲ್ಲೂಕು ಕೇಂದ್ರದ ರೋಟರಿ ಭವನದಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಉಪ್ಪಿಟ್ಟಿನ ಜಾಗದಲ್ಲಿ ಆಮ್ಲೆಟ್ ಇಟ್ಟುಕೊಂಡರೆ ಸಾಕು. ಹಾಜರಾತಿಯ ನಿಯಮ ಮಾತ್ರ ಆಗ ಬಿಗಿಯಾಗಿತ್ತು. ನೂರಕ್ಕೆ ಅರವತ್ತು ಸಭೆಗಳಿಗಾದರೂ ಬರಲೇಬೇಕಿತ್ತು. ದೊಡ್ಡ ಊರಿನಲ್ಲಿ ಇದು ನಡೆದೀತು. ಸಣ್ಣ ಊರಿನಲ್ಲಿ ಅಂಗಡಿ ಇಟ್ಟವರು ಬೇರೆ ಕಡೆ ಹೋಗುತ್ತಾರೆ, ವಯಸ್ಸಾದವರು ತೀರಿಕೊಳ್ಳುತ್ತಾರೆ, ಹುಡುಗರು ಸೇರುವುದಿಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಡುವಾರ್ಟೆಯ ಸದಸ್ಯರು ಬೆರಳೆಣಿಕೆಗೆ ಇಳಿದಿದ್ದರು. ಕ್ಲಬ್ಬು ಉಳಿಯಬೇಕಾದರೆ ಹೊಸಬರು ಬೇಕು. ಊರಿನ ಸಾರ್ವಜನಿಕ ಕೆಲಸಗಳಲ್ಲಿ ಮುಂದೆ ನಿಂತು ಓಡಾಡುತ್ತಿದ್ದವರು ಶಾಲೆಗಳವರು, ಅವರಲ್ಲಿ ಅನೇಕರು ಹೆಂಗಸರು.

ಹಾಗೆ 1977ರಲ್ಲಿ ಡೋನಾ ಬೊಗಾರ್ಟ್, ಮೇರಿ ಲೂ ಎಲಿಯಟ್, ರೋಸ್‌ಮೇರಿ ಫ್ರೈಟಾಗ್ ಎಂಬ ಮೂವರನ್ನು ಸೇರಿಸಿಕೊಂಡರು. ಆಗಿನ ರೋಟರಿ ಸಂವಿಧಾನದಲ್ಲಿ ಸದಸ್ಯತ್ವ ಗಂಡಸರಿಗೆ ಮಾತ್ರ. ಮೇಲಕ್ಕೆ ಕಳಿಸಿದ ಪಟ್ಟಿಯಲ್ಲಿ ಪೂರ್ತಿ ಹೆಸರು ಬರೆಯದೆ ಬರಿಯ ಇನಿಷಿಯಲ್ಲುಗಳನ್ನು ಹಾಕಿದ್ದರೆಂದು ಕ್ಲಬ್ಬಿನ ಹಳಬರು ಹೇಳಿಕೊಂಡು ಬಂದ ಕಥೆ. ಇಪ್ಪತ್ತೈದನೆಯ ವರ್ಷದ ಸಮಾರಂಭಕ್ಕೆ ಬಂದ ಹಿರಿಯ ಪದಾಧಿಕಾರಿಗಳಿಗೆ ಅಲ್ಲಿ ಗುಟ್ಟು ರಟ್ಟಾಯಿತಂತೆ. ಕೇಂದ್ರ ಕಚೇರಿಯಿಂದ ನೋಟೀಸು ಬಂತು, ವಿಚಾರಣೆ ನಡೆಯಿತು, ಸನ್ನದು ಹೋಯಿತು. ಆ ವರ್ಷದ ಅಂತರರಾಷ್ಟ್ರೀಯ ಸಮ್ಮೇಳನ ಟೋಕಿಯೋದಲ್ಲಿತ್ತು. ಮೇಲ್ಮನವಿ ಅಲ್ಲಿಯೂ ಬಿತ್ತು.

ಬೇರೆ ಊರಾಗಿದ್ದರೆ ಮೂವರನ್ನು ಕರೆದು ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಕೈಮುಗಿದು ಸನ್ನದು ವಾಪಸು ಪಡೆಯುತ್ತಿದ್ದರೇನೋ. ಇವರು ಕ್ಲಬ್ಬಿನ ಹೆಸರನ್ನು ‘ಮಾಜಿ ರೋಟರಿ ಕ್ಲಬ್, ಡುವಾರ್ಟೆ’ ಎಂದು ಬದಲಿಸಿಕೊಂಡರು. ಕೋಟಿಗೆ ಚುಚ್ಚಿಕೊಳ್ಳುವ ಹಲ್ಲುಚಕ್ರದ ಬಿಲ್ಲೆಯ ಮೇಲೆ ಗುಣಾಕಾರದ ಗುರುತು ಹಾಕಿಕೊಂಡರು. ಸಭೆ ವಾರವಾರ ನಡೆದೇ ಇತ್ತು, ಊರಿನ ಕೆಲಸಗಳೂ ನಡೆದವು. ಮಾಜಿ ಅಧ್ಯಕ್ಷ, ಮಾಜಿ ಶಾಸಕ ಎಂಬುದನ್ನು ನಾವು ಗೌರವಕ್ಕೆ ಹಾಕಿಕೊಳ್ಳುತ್ತೇವೆ; ಇಡೀ ಕ್ಲಬ್ಬೇ ಮಾಜಿ ಎಂದು ಎದೆಗೆ ಚುಚ್ಚಿಕೊಂಡು ಎಂಟು ವರ್ಷ ಓಡಾಡಿದ್ದು ನನಗೆ ಗೊತ್ತಿದ್ದಂತೆ ಇಲ್ಲಿ ಮಾತ್ರ.

ಜೊತೆಗೆ ಕೋರ್ಟಿಗೂ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಅನ್ರೂ ನಾಗರಿಕ ಹಕ್ಕುಗಳ ಕಾಯ್ದೆ ಎಂದಿದೆ. ವ್ಯವಹಾರ ಸಂಸ್ಥೆಗಳು ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎನ್ನುತ್ತದೆ ಅದು. ರೋಟರಿ ವ್ಯವಹಾರ ಸಂಸ್ಥೆಯೇ, ಗೆಳೆಯರ ಕೂಟವೇ? ಕೆಳಗಿನ ಕೋರ್ಟು ಕ್ಲಬ್ಬಿನ ವಿರುದ್ಧ ಹೇಳಿತು. 1986ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಆಮೇಲೆ ಅಂತರರಾಷ್ಟ್ರೀಯ ರೋಟರಿಯೇ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

1987ರ ಮೇ 4ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಲೂಯಿಸ್ ಪವೆಲ್. ಇಬ್ಬರು ನ್ಯಾಯಮೂರ್ತಿಗಳು ಭಾಗವಹಿಸಿರಲಿಲ್ಲ, ಉಳಿದ ಏಳೂ ಮಂದಿ ಡುವಾರ್ಟೆಯ ಕಡೆಗೆ. ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಅದು ಸಿದ್ಧಾಂತದಿಂದ ಶುರುವಾಗದೆ, ವಾರದ ಸಭೆ ಹೇಗಿರುತ್ತದೆ ಎಂದು ನೋಡಲು ಹೊರಟದ್ದು. ಕ್ಲಬ್ಬುಗಳಲ್ಲಿ ಇಪ್ಪತ್ತಕ್ಕೂ ಕಡಿಮೆ ಜನ ಇರುವವೂ ಇವೆ, 900 ದಾಟಿದವೂ ಇವೆ. ವರ್ಷಕ್ಕೆ ನೂರಕ್ಕೆ ಹತ್ತು ಮಂದಿ ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಿರುತ್ತಾರೆ. ಪರವೂರಿನ ರೋಟರಿಯವರು ಬಂದು ಕೂರುತ್ತಾರೆ, ಪತ್ರಿಕೆಯವರನ್ನು ಕರೆಯುತ್ತಾರೆ. ಇಂಥ ಕೂಟಕ್ಕೆ ಮನೆಯೊಳಗಿನ ಸಂಬಂಧಗಳಿಗೆ ಸಿಗುವ ಖಾಸಗಿತನದ ರಕ್ಷಣೆ ಸಿಗದು ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ನಡುಮನೆಯಲ್ಲ, ಜಗಲಿ.

ಹೆಂಗಸರಿಗೆ ಅಲ್ಲಿಯವರೆಗೆ ಏನೇನು ಸಲ್ಲುತ್ತಿತ್ತು ಎಂಬುದೂ ತೀರ್ಪಿನಲ್ಲಿ ದಾಖಲಾಗಿದೆ. ಸಭೆಗೆ ಬರಬಹುದು, ಭಾಷಣ ಮಾಡಬಹುದು, ಪ್ರಶಸ್ತಿ ಪಡೆಯಬಹುದು. ಸದಸ್ಯರ ಮನೆಯ ಹೆಂಗಸರು ತಮ್ಮದೇ ಸಂಘ ಮಾಡಿಕೊಂಡು ಆ ಹಲ್ಲುಚಕ್ರದ ಬಿಲ್ಲೆಯನ್ನೂ ಹಾಕಿಕೊಳ್ಳಬಹುದು. ಹುಡುಗಿಯರು ಇಂಟರಾಕ್ಟ್, ರೋಟರಾಕ್ಟ್ ಸೇರಬಹುದು. ಇಪ್ಪತ್ತೆಂಟು ತುಂಬಿತೋ, ಮುಗಿಯಿತು. ಸದಸ್ಯತ್ವ ಒಂದು ಬಿಟ್ಟು ಎಲ್ಲವೂ ಇತ್ತು.

ಕೋರ್ಟು ಒಪ್ಪುವ ಮೊದಲೇ ಡುವಾರ್ಟೆಯ ಕ್ಲಬ್ಬು ತನ್ನ ಪಾಡಿಗೆ ಹೆಂಗಸರನ್ನು ಸೇರಿಸಿಕೊಳ್ಳುತ್ತಲೇ ಇತ್ತು. 1982ರಲ್ಲಿ ಬಂದ ಸಿಲ್ವಿಯಾ ವಿಟ್ಲಾಕ್ ಶಾಲೆಯೊಂದರ ಪ್ರಾಂಶುಪಾಲೆ, ಕಪ್ಪುವರ್ಣೀಯರು. 1987ರಲ್ಲಿ ಅವರು ಅಧ್ಯಕ್ಷೆಯಾದರು. ಜಗತ್ತಿನ ರೋಟರಿ ಕ್ಲಬ್ಬುಗಳಲ್ಲೇ ಮೊದಲ ಮಹಿಳಾ ಅಧ್ಯಕ್ಷೆ. ನಿಯೋಜಿತ ಅಧ್ಯಕ್ಷರ ತರಬೇತಿಗೆ ಹೋದಾಗ ಮುನ್ನೂರಕ್ಕೂ ಹೆಚ್ಚು ಗಂಡಸರ ನಡುವೆ ಅವರೊಬ್ಬರೇ ಹೆಂಗಸು. ಇಪ್ಪತ್ತೈದು ವರ್ಷದ ಮೇಲೆ, 2012ರಲ್ಲಿ, ಅವರೇ ಜಿಲ್ಲಾ ಗವರ್ನರ್ ಆದರು.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾತ್ರವಿದೆ, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಹೆಂಗಸರನ್ನು ಹೊರಗಿಟ್ಟದ್ದಕ್ಕೆ ರೋಟರಿ ಕೋರ್ಟಿನಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿತ್ತು: ನಾವು ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿದ್ದೇವೆ, ಅಲ್ಲಿನ ರೀತಿನೀತಿ ಬೇರೆಬೇರೆ, ಗಂಡಸರಷ್ಟೇ ಇದ್ದರೆ ಎಲ್ಲ ಕಡೆ ಕೆಲಸ ಸುಸೂತ್ರ. ಎಂದರೆ, ನಮ್ಮಂಥ ದೇಶಗಳ ಹೆಸರು ಹೇಳಿಯೇ ಬಾಗಿಲು ಮುಚ್ಚಿಟ್ಟಿದ್ದು. ಆದರೆ ಸಂವಿಧಾನದಿಂದ ‘ಗಂಡಸು’ ಎಂಬ ಪದವನ್ನೇ ತೆಗೆಯಿರಿ ಎಂದು 1950ರಷ್ಟು ಹಿಂದೆಯೇ ಸಮ್ಮೇಳನಕ್ಕೆ ಗೊತ್ತುವಳಿ ಕಳಿಸಿದ್ದು ಭಾರತದ ಒಂದು ಕ್ಲಬ್ಬು. ಅದು ಬಿದ್ದುಹೋಯಿತು. ಆ ಪದ ಕೊನೆಗೂ ಹೋದದ್ದು 1989ರಲ್ಲಿ, ಸಿಂಗಪುರದ ಸಭೆಯಲ್ಲಿ. ಕೋಲ್ಕತ್ತದ ಶೇಖರ್ ಮೆಹ್ತಾ ಅವರಿಂದ 2022ರಲ್ಲಿ ಅಂತರರಾಷ್ಟ್ರೀಯ ಅಧ್ಯಕ್ಷತೆ ವಹಿಸಿಕೊಂಡವರು ಕೆನಡಾದ ಜೆನಿಫರ್ ಜೋನ್ಸ್, ಆ ಹುದ್ದೆಗೆ ಬಂದ ಮೊದಲ ಮಹಿಳೆ.

ಜುಲೈ ಬಂತೆಂದರೆ ಕರ್ನಾಟಕದ ಸಣ್ಣ ಊರುಗಳ ಪತ್ರಿಕಾ ಪುಟಗಳಲ್ಲಿ ಪದಗ್ರಹಣದ ಫೋಟೋಗಳು ಸಾಲುಗಟ್ಟುತ್ತವೆ: ವಲಯ ಸೇನಾನಿ, ನಿಕಟಪೂರ್ವ ಅಧ್ಯಕ್ಷರು, ಶಾಲು, ಹಾರ. ಅಧ್ಯಕ್ಷರ ಕೊರಳಪಟ್ಟಿ ಹಾಕಿಕೊಂಡ ಹೆಂಗಸರು ಆ ಫೋಟೋಗಳಲ್ಲಿ ಈಗ ಅಪರೂಪವಲ್ಲ. ರೋಟರಿಯವರ ಮನೆಯ ಹೆಂಗಸರಿಗೆಂದು ಹುಟ್ಟಿದ ಇನ್ನರ್ ವೀಲ್ ಕೂಡ ಅದೇ ಊರುಗಳಲ್ಲಿ ಬೇರೆಯಾಗಿ ನಡೆದಿದೆ. ಅದರ ಪದಗ್ರಹಣದ ಫೋಟೋ ಸಾಮಾನ್ಯವಾಗಿ ಮರುವಾರದ ಪತ್ರಿಕೆಯಲ್ಲಿ ಬರುತ್ತದೆ.