ರೇಡಿಯೇಟರ್‌ಗೆ ಹೆಚ್ಚುವರಿ ಉಪಕರಣ ಅಗತ್ಯವೇ?

ಕಾರಿನ ಎಂಜಿನ್ ತಂಪಾಗಿಡಲೆಂದು ಮಾರಾಟವಾಗುವ ಹೆಚ್ಚುವರಿ ಫ್ಯಾನ್, ದೊಡ್ಡ ರೇಡಿಯೇಟರ್ ಹಾಗೂ ಕೂಲಂಟ್‌ಗೆ ಬೆರೆಸುವ ದ್ರಾವಣಗಳು ಸುಸ್ಥಿತಿಯಲ್ಲಿರುವ ವಾಹನಕ್ಕೆ ಸಾಮಾನ್ಯವಾಗಿ ಅನಗತ್ಯ. ಎಂಜಿನ್ ಉಷ್ಣತೆಯನ್ನು ಕಾಯ್ದುಕೊಳ್ಳುವುದು ಥರ್ಮೋಸ್ಟಾಟ್. ಬಹುತೇಕ ಕಾರುಗಳಲ್ಲಿ ಇದು 80ರಿಂದ 90 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯುತ್ತದೆ. ರೇಡಿಯೇಟರ್ ದೊಡ್ಡದಾದ ಮಾತ್ರಕ್ಕೆ ಈ ಮಟ್ಟ ಇಳಿಯದು.

ಗದಗ ಜಿಲ್ಲೆ ರೋಣ ತಾಲ್ಲೂಕಿನ ಅಸೂಟಿಯಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಬಿಸಿಲು ತೀಕ್ಷ್ಣ. ಆದರೂ ಎಂಜಿನ್ ಅತಿಯಾಗಿ ಬಿಸಿಯೇರಲು ಹೆಚ್ಚಾಗಿ ಕಾರಣವಾಗುವುದು ಸೋರಿಕೆ, ಸವೆದ ಮುಚ್ಚಳ, ಕೆಟ್ಟ ಫ್ಯಾನ್ ಅಥವಾ ಕೊಳವೆಬಾವಿಯ ಗಡಸು ನೀರಿನಿಂದ ಒಳಗೆ ಕಟ್ಟುವ ಸುಣ್ಣದ ಪದರ. ದೋಷವನ್ನು ಸರಿಪಡಿಸದೆ ಉಪಕರಣ ಜೋಡಿಸಿದರೆ ಹಣದೊಂದಿಗೆ ಎಂಜಿನ್ನೂ ಹಾಳಾದೀತು.

ತಯಾರಕರು ಸೂಚಿಸಿದ ಕೂಲಂಟನ್ನು ಡಿಸ್ಟಿಲ್ಡ್ ವಾಟರ್‌ನೊಂದಿಗೆ ಬಳಸುವುದೇ ಅಗ್ಗದ, ಖಚಿತ ಪರಿಹಾರ. ಭಾರವಾದ ಟ್ರೇಲರ್ ಎಳೆಯುವ ಅಥವಾ ಎಂಜಿನ್ ಶಕ್ತಿ ಹೆಚ್ಚಿಸಿದ ವಾಹನಗಳಿಗೆ ಮಾತ್ರ ಹೆಚ್ಚುವರಿ ವ್ಯವಸ್ಥೆ ಪ್ರಯೋಜನಕಾರಿ.