ಉಲ್ಹಾಸ ಕಣಿವೆಯಲ್ಲಿ ಶಿಲಾಹಾರರ ಗುರುತುಗಳು

ಪೆರು ದೇಶದ ಉರುಬಾಂಬಾ ಕಣಿವೆಯಲ್ಲಿ ಇಂಕಾ ಅರಸರು ಕಟ್ಟಿಸಿದ ಪಟ್ಟಣಗಳ ಅವಶೇಷಗಳನ್ನು ಕಾಣುವುದಕ್ಕಾಗಿ ಭೂಮಂಡಲದ ನಾನಾ ಕಡೆಗಳಿಂದ ಯಾತ್ರಿಕರು ಹೋಗುತ್ತಾರೆ. 1911ರ ಜುಲೈ ತಿಂಗಳಲ್ಲಿ ಅಮೆರಿಕದ ಹೈರಮ್ ಬಿಂಗಮ್ ಎಂಬ ಅಧ್ಯಾಪಕನು ಅಲ್ಲಿಯ ಮಾಚು ಪಿಚುವನ್ನು ಕಂಡುಹಿಡಿದನೆಂಬ ಮಾತು ಬಹುಕಾಲ ಪ್ರಸಿದ್ಧವಾಗಿತ್ತು. ಅವನು ಬೆಟ್ಟವನ್ನು ಹತ್ತಿ ಹೋದಾಗ ಇಂಕಾಗಳು ಕಲ್ಲಿನಿಂದ ಕಟ್ಟಿದ್ದ ಮೆಟ್ಟಿಲುಗದ್ದೆಗಳಲ್ಲಿ ರೈತರು ಬೆಳೆ ತೆಗೆಯುತ್ತಿದ್ದರು. ಅವರ ಪಾಲಿಗೆ ಅದು ಕಂಡುಹಿಡಿಯಬೇಕಾದ ವಸ್ತುವೇ ಆಗಿರಲಿಲ್ಲ.

ಮುಂಬಯಿಯ ಕನ್ನಡಿಗನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವೆನ್ನಲಾಗದು. ಕಲಬುರ್ಗಿಯ ಕಡೆಯಿಂದ ರೈಲಿನಲ್ಲಿ ಬರುವವನು ಸೊಲ್ಲಾಪುರ ಪುಣೆಗಳನ್ನು ದಾಟಿ, ಭೋರ್ ಘಾಟನ್ನು ಇಳಿದೊಡನೆ ಉಲ್ಹಾಸ ನದಿಯ ಕಣಿವೆಯನ್ನು ಹೊಗುತ್ತಾನೆ. ಕರ್ಜತ್, ಅಂಬರನಾಥ, ಕಲ್ಯಾಣ, ಠಾಣೆ ಇವು ಕಿಟಕಿಯಲ್ಲಿ ಹಾಯ್ದುಹೋಗಿ ಕೊನೆಗೆ ಪರೇಲಿನ ಹಳೆಯ ಗಿರಣಿಗಳ ಹೊಗೆಗೊಳವೆಗಳೂ ಅವುಗಳ ನಡುವೆ ಇತ್ತೀಚೆಗೆ ಎದ್ದ ಗಗನಚುಂಬಿ ಕಟ್ಟಡಗಳೂ ಕಾಣುತ್ತವೆ. ತನಗಿಂತ ಸುಮಾರು ಸಾವಿರದ ಇನ್ನೂರು ವರ್ಷಗಳ ಮುಂಚೆ ಕನ್ನಡದ ಹೆಸರು ಬಿರುದುಗಳನ್ನು ಹೊತ್ತು ಬಂದ ಮನೆತನವೊಂದು ಇದೇ ನೆಲವನ್ನು ನಾಲ್ಕೂವರೆ ಶತಮಾನಗಳ ಕಾಲ ಆಳಿತೆಂಬುದು ಅವನ ಗಮನಕ್ಕೆ ಬರುವುದು ವಿರಳ. ಉತ್ತರ ಕೊಂಕಣದ ಶಿಲಾಹಾರರೆಂದು ಇತಿಹಾಸದಲ್ಲಿ ಹೆಸರಾದ ಈ ಮನೆತನದ ಗುರುತುಗಳನ್ನು ಅರಸುವ ಪ್ರವಾಸವನ್ನು ಪರೇಲಿನಿಂದಲೇ ಆರಂಭಿಸಬಹುದು.

ಆದರೆ ಪರೇಲಿನ ಅತ್ಯಂತ ಪ್ರಸಿದ್ಧವಾದ ಶಿಲ್ಪವು ಶಿಲಾಹಾರರದಲ್ಲ. 1931ರಲ್ಲಿ ರಸ್ತೆಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಮಣ್ಣಿನಡಿಯಿಂದ ಒಂದೇ ಕಲ್ಲಿನಲ್ಲಿ ಕಡೆದ ಬೃಹತ್ತಾದ ಶಿವಮೂರ್ತಿ ಹೊರಬಂದಿತು. ಎತ್ತರ ಹನ್ನೊಂದು ಅಡಿಗೂ ಮಿಕ್ಕಿದ್ದು. ನಡುವೆ ನಿಂತ ಶಿವನ ಮೇಲುಗಡೆಯಿಂದ ಇನ್ನೊಬ್ಬ ಶಿವನು, ಅವನ ಮೇಲುಗಡೆಯಿಂದ ಮತ್ತೊಬ್ಬನು ಏಳುತ್ತಾರೆ; ಎರಡು ಪಾರ್ಶ್ವಗಳಿಗೂ ಬೇರೆ ಮೂರ್ತಿಗಳು ಕೊಂಬೆಗಳಂತೆ ಬಾಗಿ ಚಾಚಿಕೊಳ್ಳುತ್ತವೆ; ಒಟ್ಟು ಏಳು. ಪಾದದ ಬಳಿ ಗಣಗಳು ವಾದ್ಯಗಳನ್ನು ಹಿಡಿದಿದ್ದಾರೆ. ಶಿಲ್ಪಿಯ ಕೆಲಸವು ಪೂರ್ತಿಯಾದಂತೆ ಕಾಣುವುದಿಲ್ಲ. ಮೂರ್ತಿಯು ಈಗ ಬಾರಾದೇವಿಯ ಗುಡಿಯಲ್ಲಿ ಪೂಜೆಗೊಳ್ಳುತ್ತಿದೆ. ಘಾರಾಪುರಿಯ, ಎಂದರೆ ಎಲಿಫೆಂಟಾದ, ಶಿಲ್ಪಗಳೊಡನೆ ಇದಕ್ಕಿರುವ ಹೋಲಿಕೆಯನ್ನು ನೋಡಿ ವಿದ್ವಾಂಸರು ಇದನ್ನು ಐದು ಆರನೆಯ ಶತಮಾನಗಳದೆಂದು ಎಣಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪರಸ್ಥಳದಲ್ಲಿರುವವರ ನಾಡಭಿಮಾನಕ್ಕೆ ಪ್ರತಿಯೊಂದು ಹಳೆಯ ಕಲ್ಲಿನಲ್ಲಿಯೂ ಸ್ವಂತ ನಾಡಿನ ಮುದ್ರೆಯನ್ನು ಕಾಣುವ ಚಪಲವಿರುತ್ತದೆ. ಘಾರಾಪುರಿಯನ್ನು ಬಾದಾಮಿಯ ಚಾಲುಕ್ಯರ ಖಾತೆಗೆ ಬರೆದುಕೊಂಡವರಿದ್ದಾರೆ; ರೈಲಿನ ಕಲ್ಯಾಣವನ್ನೇ ಬಸವಣ್ಣನವರ ಕಲ್ಯಾಣವೆಂದು ಭಾವಿಸಿ ಕೈಮುಗಿದವರೂ ಇಲ್ಲದಿಲ್ಲ! ಬಸವಣ್ಣನವರದು ಬೀದರ ಜಿಲ್ಲೆಯ ಕಲ್ಯಾಣ. ಉಲ್ಹಾಸದ ದಡದ ಕಲ್ಯಾಣವು ಬೇರೆಯೇ ಆದ ಪ್ರಾಚೀನ ರೇವುಪಟ್ಟಣ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕ ಗ್ರಂಥವಾದ ಪೆರಿಪ್ಲಸ್‌ನಲ್ಲಿ ಅದರ ಹೆಸರು ಬರುತ್ತದೆ. ಘಾರಾಪುರಿಯಲ್ಲಿ ಕಲಚುರಿ ಕೃಷ್ಣರಾಜನ ನಾಣ್ಯಗಳು ಸಿಕ್ಕಿವೆ. ಅಲ್ಲಿದ್ದ ಶಾಸನದ ಕಲ್ಲನ್ನು ಪೋರ್ಚುಗೀಸರು ಕಿತ್ತು ತಮ್ಮ ದೇಶಕ್ಕೆ ಕಳುಹಿಸಿದರೆಂದು ಅವರ ಚರಿತ್ರಕಾರನಾದ ದಿಯೋಗೊ ದೊ ಕೌತೊ ಬರೆದಿದ್ದಾನೆ. ಆ ಕಲ್ಲು ಮರಳಿ ಸಿಗಲಿಲ್ಲ. ಚಾಲುಕ್ಯರ ವಿಷಯದಲ್ಲಿ ಸಾಧಾರವಾಗಿ ಹೇಳಬಹುದಾದುದು ಇಷ್ಟು: ಕೀರ್ತಿವರ್ಮನು ಕೊಂಕಣದ ಮೌರ್ಯರನ್ನು ಸೋಲಿಸಿದನು, ಅವನ ಮಗ ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿಯನ್ನು ಹಡಗುಗಳಿಂದ ಮುತ್ತಿ ಗೆದ್ದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಹೇಳುತ್ತಾನೆ. ಆ ಪುರಿ ಘಾರಾಪುರಿಯೋ, ಜಂಜಿರಾದ ಬಳಿಯ ರಾಜಪುರಿಯೋ ಎಂಬ ಚರ್ಚೆ ಮುಗಿದಿಲ್ಲ. ಶಿಲ್ಪಗಳನ್ನು ಕಡೆಯಿಸಿದ ಕೀರ್ತಿಯನ್ನು ಗೆದ್ದವನಿಗೆ ಕೊಡಲು ಇಷ್ಟು ಆಧಾರ ಸಾಲದು.

ಶಿಲಾಹಾರರ ವಿಷಯ ಹಾಗಲ್ಲ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದಲ್ಲಿ, ಸುಮಾರು 800ರಲ್ಲಿ, ಕಪರ್ದಿಯೆಂಬವನು ಸಾಮಂತನಾಗಿ ಈ ಕರಾವಳಿಗೆ ಒಡೆಯನಾದನು. ಅವನಿಂದಲೇ ಈ ಪ್ರದೇಶಕ್ಕೆ ಕಪರ್ದಿದ್ವೀಪವೆಂಬ ಹೆಸರೂ ಬಂದಿತು. ಅವನ ವಂಶದವರಲ್ಲಿ ವಪ್ಪುವನ್ನ, ಗೊಗ್ಗಿ, ವಜ್ಜಡ ಎಂಬ ಹೆಸರುಗಳಿವೆ. ಶಿಲಾಹಾರರ ಬಿರುದಾವಳಿಯ ಸಂಸ್ಕೃತದ ನಡುವೆ ‘ಮಲಗಲಗಂಡ’, ‘ನನ್ನಿಸಮುದ್ರ’ ಎಂಬಂಥ ಅಚ್ಚಗನ್ನಡದ ಮಾತುಗಳು ಹುದುಗಿಕೊಂಡಿವೆ. ಇವುಗಳ ಬಲದ ಮೇಲೆಯೇ ಈ ಮನೆತನದ ಮೂಲಭಾಷೆ ಕನ್ನಡವಾಗಿದ್ದಿರಬೇಕೆಂದು ಇತಿಹಾಸಜ್ಞರು ತರ್ಕಿಸಿದ್ದಾರೆ. ಕೊಂಕಣದ ಕಡಲತಡಿಯಲ್ಲಿದ್ದರೂ ಅವರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ತಗರವೆಂದರೆ ಘಟ್ಟದ ಮೇಲೆ, ಇಂದಿನ ಧಾರಾಶಿವ ಜಿಲ್ಲೆಯಲ್ಲಿರುವ ತೇರ್ ಎಂಬ ಊರು. ತಲೆಮಾರುಗಳು ಕಳೆದರೂ ಬಿಟ್ಟುಬಂದ ಊರಿನ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡಿರುವ ಪರಿಪಾಠವು ಮುಂಬಯಿಯ ಕನ್ನಡಿಗರಿಗೆ ಅಪರಿಚಿತವಲ್ಲ.

ಪರೇಲನ್ನು ಬಿಟ್ಟು ಸಾಷ್ಟಿಯ ನಡುಗುಡ್ಡಗಳಿಗೆ, ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿಗೆ ಹೋದರೆ ಈ ವಂಶದ ಮೊದಮೊದಲಿನ ಬರಹಗಳು ಎದುರಾಗುತ್ತವೆ. ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳ ನಡುವೆ ಮೂರು ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳಿಕೆಯವು. ಒಂದು ಪುಲ್ಲಶಕ್ತಿಯ ಕಾಲದ್ದು, ಶಕ 765. ಉಳಿದೆರಡು ಇಮ್ಮಡಿ ಕಪರ್ದಿಯ ಕಾಲದವು, ಶಕ 775 ಮತ್ತು 799. ಅವುಗಳಲ್ಲಿ ಅರಸನ ಶೌರ್ಯದ ವರ್ಣನೆಗಿಂತ ಸಂಸಾರದ ಲೆಕ್ಕವೇ ಹೆಚ್ಚು: ಭಿಕ್ಷುಗಳ ಬಟ್ಟೆಗೆ ಇಷ್ಟು, ಗುಹೆಯ ದುರಸ್ತಿಗೆ ಇಷ್ಟು, ಪುಸ್ತಕಗಳಿಗೆ ಇಷ್ಟು. ಒಬ್ಬ ದಾನಿಯಂತೂ ದೂರದ ಗೌಡದೇಶದಿಂದ, ಎಂದರೆ ಬಂಗಾಳದಿಂದ, ಬಂದ ಅವಿಘ್ನಾಕರನು. ಅವನು ನೂರು ದ್ರಮ್ಮಗಳನ್ನು ಕೊಟ್ಟಿದ್ದಾನೆ. ಇದೇ ಅಮೋಘವರ್ಷನ ಆಸ್ಥಾನದಲ್ಲಿ, ಹೆಚ್ಚುಕಡಿಮೆ ಇದೇ ದಶಕಗಳಲ್ಲಿ, ಕವಿರಾಜಮಾರ್ಗವು ಹುಟ್ಟಿತೆಂಬುದು ಸ್ಮರಣೀಯ. ಆ ಗ್ರಂಥವು ಕನ್ನಡನಾಡಿನ ಉತ್ತರದ ಎಲ್ಲೆಯಾಗಿ ಗೋದಾವರಿಯನ್ನು ಹೇಳುತ್ತದೆ. ಕೊಂಕಣದ ಹೆಸರನ್ನು ಎತ್ತುವುದಿಲ್ಲ. ಕನ್ನಡ ಅರಸನ ರಾಜ್ಯವೂ ಕನ್ನಡದ ನಾಡೂ ಒಂದೇ ಅಲ್ಲವೆಂಬ ವಿವೇಕವು ಮಾನ್ಯಖೇಟದ ಪಂಡಿತರಿಗೆ ಇದ್ದಂತೆ ತೋರುತ್ತದೆ. ಅನಂತರದ ಅನೇಕ ಲೇಖಕರಿಗೆ ಅದು ಉಳಿಯಲಿಲ್ಲ.

ಕಾನ್ಹೇರಿಯಿಂದ ಪೂರ್ವಕ್ಕೆ, ಠಾಣೆಯ ಖಾರಿಯನ್ನು ದಾಟಿ ಭಿವಂಡಿಯ ಕಡೆಗೆ ನಡೆದರೆ ಭಾದಾಣೆ ಎಂಬ ಹಳ್ಳಿ. ನೋಡತಕ್ಕ ಹಾಳುಗುಡಿಯ ವೈಭವಕ್ಕಾಗಿ ಅಲ್ಲಿಗೆ ಹೋಗಬೇಕಾಗಿಲ್ಲ. ಅದರ ಕೀರ್ತಿ ಅಲ್ಲಿ ದೊರೆತ ತಾಮ್ರಪಟಗಳಿಂದ ಬಂದದ್ದು. ಶಕ 919ರಲ್ಲಿ, ಎಂದರೆ 997ರಲ್ಲಿ, ಶಿಲಾಹಾರ ಅಪರಾಜಿತನು ಈ ಹಳ್ಳಿಯನ್ನು ಸಮೀಪದ ಲೋಣಾಡಿನ ಲೋಣಾದಿತ್ಯನೆಂಬ ಸೂರ್ಯದೇವನಿಗೆ ದತ್ತಿಯಾಗಿ ಬಿಟ್ಟನು. ಆ ವೇಳೆಗೆ ರಾಷ್ಟ್ರಕೂಟ ಸಾಮ್ರಾಜ್ಯವು ಅಳಿದು 24 ವರ್ಷಗಳಾಗಿದ್ದವು. 973ರಲ್ಲಿ ಚಾಲುಕ್ಯ ತೈಲಪನು ಕಕ್ಕಲನನ್ನು ಸೋಲಿಸಿ ಮಾನ್ಯಖೇಟದ ಆಳಿಕೆಯನ್ನು ಕೊನೆಗಾಣಿಸಿದ್ದನು. ಹಾಗಿದ್ದೂ ಅಪರಾಜಿತನ ಶಾಸನವು ತೈಲಪನ ವಂಶವನ್ನು ಒಡೆಯರೆಂದು ಹೊಗಳುವುದಿಲ್ಲ. ಅಳಿದುಹೋದ ರಟ್ಟರ ವಂಶಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಆ ರಾಜ್ಯವೀಗ ನೆನಪಾಗಿ ಮಾತ್ರ ಉಳಿಯಿತೆಂದು ಮರುಗುತ್ತದೆ. ಸಾಮಂತರು ಹೊಸ ಒಡೆಯನ ಕಡೆಗೆ ತಿರುಗಲು ಒಂದು ಸುಗ್ಗಿಯಷ್ಟು ಕಾಲವನ್ನೂ ತೆಗೆದುಕೊಳ್ಳದಿದ್ದ ಯುಗದಲ್ಲಿ ಈ ನಿಷ್ಠೆಯು ಅಪರೂಪದ್ದು. ಇದರಲ್ಲಿ ರಾಜಕಾರಣವೇ ಇಲ್ಲವೆಂದಲ್ಲ: ಸತ್ತ ಚಕ್ರವರ್ತಿಯು ಕಪ್ಪವನ್ನು ಕೇಳುವುದಿಲ್ಲ; ಪಶ್ಚಿಮಸಮುದ್ರಾಧಿಪತಿಯೆಂದು ಕರೆದುಕೊಂಡ ಅಪರಾಜಿತನಿಗೆ ಅದು ಅನುಕೂಲವೇ ಆಗಿದ್ದಿತು. ಆದರೂ ದತ್ತಿಯ ಪತ್ರವೊಂದರಲ್ಲಿ ಇಷ್ಟು ದೀರ್ಘವಾದ ನೆನಪಿಗೆ ಅವಶ್ಯಕತೆ ಏನಿದ್ದಿತು?

ಇಂಕಾಗಳ ಕಥೆಯಲ್ಲಿಯೂ ಇಂಥ ಒಬ್ಬನಿದ್ದಾನೆ. ಇಂಕಾ ಗಾರ್ಸಿಲಾಸೊ ದೆ ಲಾ ವೇಗಾ 1539ರಲ್ಲಿ ಕುಸ್ಕೊ ನಗರದಲ್ಲಿ ಹುಟ್ಟಿದನು. ತಾಯಿ ಇಂಕಾ ರಾಜವಂಶದವಳು, ತಂದೆ ಸ್ಪೇನಿನ ಯೋಧ. 1560ರಲ್ಲಿ ಸ್ಪೇನಿಗೆ ಹೋದವನು ಹುಟ್ಟಿದೂರಿಗೆ ಮರಳಲಿಲ್ಲ. ಬಾಲ್ಯದಲ್ಲಿ ತಾಯಿಯ ಬಂಧುಗಳಿಂದ ಕೇಳಿದ್ದ ಅಳಿದ ರಾಜ್ಯದ ವೃತ್ತಾಂತವನ್ನು ಗೆದ್ದವರ ಭಾಷೆಯಾದ ಸ್ಪಾನಿಷಿನಲ್ಲಿ ಬರೆದು 1609ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು. ಇಂಕಾಗಳಿಗೆ ಲಿಪಿಯಿರಲಿಲ್ಲ, ಗಂಟು ಹಾಕಿದ ದಾರಗಳಲ್ಲಿ ಲೆಕ್ಕವನ್ನು ಇಡುತ್ತಿದ್ದರು. ಆದ್ದರಿಂದ ಆಂಡೀಸಿನ ಕಣಿವೆಗಳಲ್ಲಿ ಕಲ್ಲುಗಳು ಹೇರಳ, ಅಕ್ಷರಗಳಿಲ್ಲ. ಉಲ್ಹಾಸದ ಕಣಿವೆಯಲ್ಲಿ ನಿಂತ ಕಟ್ಟಡಗಳು ವಿರಳ, ಅಕ್ಷರಗಳು ಧಾರಾಳ. ಆದರೆ ಅವು ಕನ್ನಡದವಲ್ಲ. ಅಪರಾಜಿತನು ಮಾನ್ಯಖೇಟಕ್ಕಾಗಿ ಮರುಗಿದ್ದು ಸಂಸ್ಕೃತದಲ್ಲಿ.

ಮುಂದಿನ ತಲೆಮಾರುಗಳಲ್ಲಿ ಏನಾಯಿತೆಂಬುದಕ್ಕೆ ಛಿತ್ತರಾಜನ 1026ರ ಭಾಂಡುಪ್ ತಾಮ್ರಪಟವು ಸಾಕ್ಷಿ. ಅದರಲ್ಲಿ ಮಂತ್ರಿಗಳ ಪಟ್ಟಿಯಿದೆ. ಸರ್ವಾಧಿಕಾರಿ ನಾಗಣೈಯ, ಸಂಧಿವಿಗ್ರಹಿ ಸೀಹಪೈಯ; ‘ಅಯ್ಯ’ ಎಂಬುದನ್ನು ಕನ್ನಡದ ಕಿವಿ ಒಡನೆಯೇ ಗುರುತಿಸುತ್ತದೆ. ಆದರೆ ಇವರ ಜೊತೆಗೆ ಇನ್ನೊಬ್ಬ ಅಧಿಕಾರಿಯಿದ್ದಾನೆ: ಕರ್ಣಾಟಕ್ಕೆಂದೇ ಬೇರೆಯಾಗಿ ನೇಮಿತನಾದ ಸಂಧಿವಿಗ್ರಹಿ ಕಪರ್ದಿ. ನೆರೆಯ ಚಾಲುಕ್ಯ ಸಾಮ್ರಾಜ್ಯದೊಡನೆ ಯುದ್ಧ ಸಂಧಿಗಳ ವ್ಯವಹಾರವು ಪ್ರತ್ಯೇಕ ಮಂತ್ರಿಯನ್ನು ಬೇಡುವಷ್ಟು ಬೆಳೆದಿತ್ತೆಂಬುದು ಇದರ ನೇರವಾದ ಅರ್ಥ. ಯಾವ ನಾಡಿನ ಮಾತು ಈ ಮನೆತನದ ಬಿರುದುಗಳಲ್ಲಿ ಉಳಿದಿತ್ತೋ ಆ ನಾಡು ಈಗ ಪರರಾಜ್ಯ. ಇನ್ನೂರು ಇನ್ನೂರೈವತ್ತು ವರ್ಷಗಳಲ್ಲಿ ನಡೆದ ಈ ಮಾರ್ಪಾಡು ಯಾವ ಯುದ್ಧದಿಂದಲೂ ಒಮ್ಮೆಗೇ ಆದದ್ದಲ್ಲ.

ಕಲ್ಯಾಣದಿಂದ ಕಣಿವೆಯನ್ನು ತುಸು ಮೇಲಕ್ಕೆ ಹೋದರೆ ಅಂಬರನಾಥ. ಪರೇಲಿನಿಂದ ಲೋಕಲ್ ಗಾಡಿಯಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟಬಹುದಾದ ಈ ಊರು ಕಾರ್ಖಾನೆಗಳಿಂದ ತುಂಬಿಹೋಗಿದೆ. ಉಲ್ಹಾಸಕ್ಕೆ ಸೇರುವ ವಾಲಧುನಿ ಹೊಳೆಯ ದಡದಲ್ಲಿ ಶಿವಾಲಯವು ಇದ್ದಕ್ಕಿದ್ದಂತೆ ಎದುರಾಗುತ್ತದೆ. ಇಲ್ಲಿಯ ಶಕ 982ರ, ಎಂದರೆ 1060ರ, ಶಾಸನದಲ್ಲಿ ಮಾಮ್ವಾಣಿರಾಜನ ಹೆಸರಿದೆ; ಗುಡಿಯನ್ನು ಅವನ ಅಣ್ಣ ಛಿತ್ತರಾಜನು ಮೊದಲುಮಾಡಿದನೆಂಬ ಅಭಿಪ್ರಾಯವೂ ಉಂಟು. ಮಂಟಪದಿಂದ ಮೆಟ್ಟಿಲುಗಳನ್ನು ಇಳಿದು ಗರ್ಭಗೃಹಕ್ಕೆ ಹೋಗಬೇಕು. ಮೇಲೆ ಶಿಖರವಿಲ್ಲ, ಲಿಂಗದ ಮೇಲೆ ಆಕಾಶವೇ ಕಾಣುತ್ತದೆ. ಹೊರಗೋಡೆಯ ಮೇಲಂತೂ ಅಂಗೈಯಗಲದ ಜಾಗವನ್ನೂ ಉಳಿ ಬಿಟ್ಟಿಲ್ಲ. ಕನ್ನಡ ಪ್ರವಾಸಿಗನು ಇಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷವನ್ನೋ ಇಟಗಿಯ ಮಹಾದೇವವನ್ನೋ ಅರಸಿದರೆ ನಿರಾಶನಾದಾನು. ಇದರ ಶೈಲಿ ಭೂಮಿಜ. ಮಾಳವದ ಪರಮಾರರ ನಾಡಿನಲ್ಲಿ ಬೆಳೆದದ್ದು. ತಗರಪುರದ ಒಡೆಯರೆನಿಸಿಕೊಂಡವರು ಕಟ್ಟಡದ ಮಾದರಿಗಾಗಿ ದಕ್ಷಿಣದ ಕಡೆಗೆ ನೋಡಲಿಲ್ಲ. ಕಲಾದೃಷ್ಟಿಯಿಂದ ಅವರೇನೂ ನಷ್ಟಪಡಲಿಲ್ಲವೆಂಬುದನ್ನು ಒಪ್ಪಬೇಕು. ಇಡೀ ಕೊಂಕಣದಲ್ಲಿ ಇದಕ್ಕೆ ಸಮನಾದ ಗುಡಿ ದುರ್ಲಭ.

ಅಂಬರನಾಥದಿಂದ ಹಿಂದಿರುಗಿ ಮತ್ತೆ ಪರೇಲಿಗೆ ಬಂದರೆ ಈ ಹಾದಿಯ ಕೊನೆಯ ಘಟ್ಟವು ಸಿಗುತ್ತದೆ. ಇಂದು ಹಾಫ್‌ಕಿನ್ ಸಂಸ್ಥೆಯಿರುವ ಕಟ್ಟಡವು ಮೊದಲು ಜೆಸ್ಯೂಟ್ ಪಾದ್ರಿಗಳದಾಗಿತ್ತು. ಅವರಿಂದ ಇಂಗ್ಲಿಷರು ಅದನ್ನು ಕಸಿದುಕೊಂಡು ಗವರ್ನರನ ನಿವಾಸವನ್ನಾಗಿ ಮಾಡಿದರು. 1899ರಲ್ಲಿ ಪ್ಲೇಗಿನ ಸಂಶೋಧನೆಯ ಪ್ರಯೋಗಶಾಲೆ ಅಲ್ಲಿಗೆ ಬಂದಿತು. ಕುಸ್ಕೊವಿನಲ್ಲಿ ಇಂಕಾಗಳ ಸೂರ್ಯದೇವಾಲಯದ ಗೋಡೆಗಳ ಮೇಲೆ ಸ್ಪೇನಿನವರು ಮಠವನ್ನು ಕಟ್ಟಿದ್ದರು. 1950ರ ಭೂಕಂಪದಲ್ಲಿ ಮಠವು ಬಿರಿದಾಗ ಅಡಿಯ ಇಂಕಾ ಗೋಡೆಗಳು ಅಲುಗದೆ ನಿಂತು ಬಯಲಿಗೆ ಬಂದವು. ಪರೇಲಿನ ಭವನದ ಜಾಗದಲ್ಲಿಯೂ ಹಿಂದೆ ವೈಜನಾಥನ ಗುಡಿಯಿತ್ತು, ಪರೇಲೆಂಬ ಹೆಸರು ಅದರಿಂದಲೇ ಬಂದಿತು ಎಂಬ ಐತಿಹ್ಯವಿದೆ. ಪಾಡಲ, ಎಂದರೆ ಪಾದರಿ, ಮರದಿಂದ ಬಂದಿತೆಂದು ಹೇಳುವವರೂ ಇದ್ದಾರೆ. ಐತಿಹ್ಯವು ಹೇಗೇ ಇರಲಿ, ಆ ಭವನದ ಬಳಿಯಲ್ಲಿ ಒಂದು ಶಾಸನದ ಕಲ್ಲು ದೊರೆತದ್ದು ನಿಜ. ಶಕ 1108ರ, ಎಂದರೆ 1187ರ, ಇದು ಶಿಲಾಹಾರ ಇಮ್ಮಡಿ ಅಪರಾದಿತ್ಯನದು. ಷಟ್‌ಷಷ್ಟಿಗೆ, ಎಂದರೆ ಇಂದಿನ ಸಾಷ್ಟಿಗೆ, ಸೇರಿದ ಮಹಾವಲಿ ಗ್ರಾಮದಲ್ಲಿ ಅನಂತಪೈ ಪ್ರಭುವಿನ ವಶದಲ್ಲಿದ್ದ ಒಂದು ತೋಟದ ನಿಗದಿಯಾದ ಉತ್ಪನ್ನ 24 ದ್ರಮ್ಮಗಳನ್ನು ದರ್ಭಾವತಿಯ ವೈದ್ಯನಾಥನ ಪೂಜೆಗೆ ಬಿಟ್ಟ ದತ್ತಿ ಅದು.

ದತ್ತಿಯ ಪಾಠವು ಸಂಸ್ಕೃತದಲ್ಲಿದೆ. ಆದರೆ ಕೊನೆಗೆ, ಶಾಸನವನ್ನು ಕೆಡಿಸಿದವನಿಗೆ ಹಾಕುವ ಶಾಪಕ್ಕೆ ಬಂದಾಗ, ಲಿಪಿಕಾರನು ಸಂಸ್ಕೃತವನ್ನು ಬಿಟ್ಟು ಮರಾಠಿಗೆ ಹೊರಳುತ್ತಾನೆ. ವೈದ್ಯನಾಥನ ಕೋಪವು ಸಕುಟುಂಬವಾಗಿ ತಟ್ಟಲೆಂದು ಹೇಳಿ, ಕತ್ತೆಯನ್ನು ಸೇರಿಸಿದ ಒಂದು ಬೈಗುಳದಿಂದ ಮುಗಿಸುತ್ತಾನೆ. ಅದನ್ನು ಇಲ್ಲಿ ಕನ್ನಡಿಸುವುದು ಉಚಿತವಲ್ಲ. ಇಂಥ ಕಲ್ಲುಗಳನ್ನು ಮರಾಠಿಯಲ್ಲಿ ‘ಗಧೇಗಳ್’ ಎನ್ನುತ್ತಾರೆ. ಮರಾಠಿಯ ಪ್ರಾಚೀನ ಬರಹಗಳಲ್ಲಿ ಈ ಸಾಲುಗಳಿಗೆ ಗಣ್ಯವಾದ ಸ್ಥಾನವಿದೆ. ತೋಟದ ಆಳಿಗೂ ದಾರಿಹೋಕನಿಗೂ ತಿಳಿಯಲೇಬೇಕಾದ ಮಾತು ಶಾಪ. ಆದುದರಿಂದ ಅದು ಜನರಾಡುವ ನುಡಿಯಲ್ಲಿ ಬಂದಿತು. ಮೊದಲ ಕಪರ್ದಿಯಿಂದ ಈ ಕಲ್ಲಿನವರೆಗೆ ಸುಮಾರು 390 ವರ್ಷಗಳು. ಅಷ್ಟರಲ್ಲಿ ‘ನನ್ನಿ’ಯ ಅರ್ಥವನ್ನು ಬಲ್ಲವರು ಆಸ್ಥಾನದಲ್ಲಿ ಎಷ್ಟು ಮಂದಿ ಉಳಿದಿದ್ದರೋ!

ಇದಾಗಿ ಎಂಬತ್ತು ವರ್ಷ ತುಂಬುವುದರೊಳಗೆ ವಂಶವು ಮುಗಿಯಿತು. ದೇವಗಿರಿಯ ಯಾದವ ಮಹಾದೇವನು ಕೊಂಕಣದ ಮೇಲೆ ದಂಡೆತ್ತಿ ಬಂದಾಗ ಕೊನೆಯ ಅರಸನಾದ ಸೋಮೇಶ್ವರನು ಹಡಗನ್ನೇರಿ ಸಮುದ್ರದಲ್ಲಿ ಕಾದಿ ಅಲ್ಲಿಯೇ ಮಡಿದನು. ಹಾಗೆ ಗೆದ್ದ ಯಾದವರ ಶಾಸನಗಳಲ್ಲಿ ಬಹಳಷ್ಟು ಕನ್ನಡದವು. ಬೋರಿವಲಿಯ ಹತ್ತಿರ ಏಕ್ಸರಿನಲ್ಲಿ ಸಾಲಾಗಿ ನಿಂತ ವೀರಗಲ್ಲುಗಳ ಮೇಲೆ ಹುಟ್ಟುಗಳನ್ನು ಚಾಚಿದ ಯುದ್ಧನೌಕೆಗಳು ಒಂದರ ಹಿಂದೊಂದು ಸಾಗುತ್ತವೆ. ಅವು ಸೋಮೇಶ್ವರನ ಕೊನೆಯ ಕಾಳಗದವೆಂದು ಕೆಲವರೂ, ಅದಕ್ಕಿಂತ ಹಿಂದಿನವೆಂದು ಕೆಲವರೂ ವಾದಿಸುತ್ತಾರೆ.